ಪಿಯುಸಿಗೆ ಸೈಕಾಲಜಿ ತಗೊಂಡ್ರೆ ಹೇಗೆ? ಕುಮಟಾ, ಸಿರ್ಸಿ, ಕಾರವಾರ ಕಡೆಯವರು ಸ್ವಲ್ಪ ಹೇಳಿ

ಕುಮಟಾದ ಅಮ್ಮ:
ಎಲ್ರಿಗೂ ನಮಸ್ಕಾರ. ಮಗಳದ್ದು ಈ ಸಲ ಎಸ್ಸೆಸ್ಸೆಲ್ಸಿ ಆಯ್ತು, ಕನ್ನಡ ಮೀಡಿಯಂ, ಮಾರ್ಕ್ಸ್ ಚೆನ್ನಾಗೇ ಬಂದದೆ, ಹಂಗಾಗಿ ಮನೇಲಿ ಎಲ್ರೂ ಸೈನ್ಸ್ ಅಂತಾರೆ, ಇವಳು ಮಾತ್ರ ಆರ್ಟ್ಸ್ ತಗೊಂಡು ಸೈಕಾಲಜಿ ಓದ್ತೇನೆ ಅಂತ ಹಟ ಹಿಡಿದು ಕೂತಿದಾಳೆ. ನಮ್ಮ ಮಾವನವರಿಗೆ ಆಲ್ಝೈಮರ್, ಇವಳು ಜಾಸ್ತಿ ಇರೋದು ಅಜ್ಜನ ಹತ್ರಾನೇ. ಸಣ್ಣಿರುವಾಗ ಗೋಕರ್ಣದ ತೇರಿಗೆ ಯಾರ್ಯಾರ ಜೊತೆ ನಡ್ಕೊಂಡು ಹೋಗಿದ್ರು ಅಂತ ಅವರಿಗೆ ಪೂರ್ತಿ ನೆನಪಿದೆ, ಈಗಷ್ಟೇ ತಿಂದ ತೆಳ್ಳೇವು (ತೆಳು ದೋಸೆ) ನೆನಪಿಲ್ಲ, ಬೆಳಿಗ್ಗೆಯಿಂದ ಆಸರಿಗೇ (ಕುಡಿಯೋದಕ್ಕೇ) ಕೊಟ್ಟಿಲ್ಲ ಅಂತ ಬೇಜಾರು ಮಾಡ್ಕೋತಾರೆ. ಹೀಗ್ಯಾಕೆ ಅಂತ ಅವಳು ಕೇಳಿದ್ದಕ್ಕೆ ನಮ್ಮ ಯಾರ ಹತ್ರಾನೂ ಉತ್ತರ ಇರ್ಲಿಲ್ಲ, ಅಲ್ಲಿಂದ ಶುರುವಾಗಿದ್ದು ಈ ಆಸೆ. ಓದಿದವರಿದ್ರೆ ಹೇಳಿ, ಇದ್ರಲ್ಲಿ ಏನಿರ್ತದೆ, ಮುಂದೆ ಏನಾಗ್ಬಹುದು?

ಸಿರ್ಸಿ ಮಳೆ:
ಅಕ್ಕಾ, ನಾನು ಪಿಯುಸಿಯಲ್ಲಿ ಇದನ್ನೇ ಓದಿದ್ದು, ಈಗ ಧಾರವಾಡದಲ್ಲಿ ಎಂಎ. ಮೊದ್ಲು ಒಂದು ಮಾತು, ಆರ್ಟ್ಸ್ ಅಂದ್ರೂ ಇದು ಲ್ಯಾಬ್ ಇರೋ ಸಬ್ಜೆಕ್ಟ್, 70 ಮಾರ್ಕ್ಸ್ ಥಿಯರಿ, 30 ಪ್ರಾಕ್ಟಿಕಲ್. ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರೋದು ಮಿರರ್ ಡ್ರಾಯಿಂಗ್. ಎರಡು ಗೆರೆ ಇರೋ ಒಂದು ನಕ್ಷತ್ರದ ಚಿತ್ರ ಕೊಡ್ತಾರೆ, ಆ ಗೆರೆಗಳ ನಡುವೆ ಪೆನ್ಸಿಲ್ ಎಳೀಬೇಕು, ಆದ್ರೆ ಕೈಗೆ ಅಡ್ಡ ಹಲಗೆ ಇಟ್ಟಿರ್ತಾರೆ, ಎದುರಿನ ಕನ್ನಡಿಯಲ್ಲಿ ಮಾತ್ರ ನೋಡ್ಬೇಕು. ಮೂಲೆ ಬಂತು ಅಂದ್ರೆ ಕೈ ಅಲ್ಲೇ ನಿಂತ್ಬಿಡ್ತದೆ, ಈಚೆ ಎಳೀಲಿಕ್ಕೆ ಹೋದ್ರೆ ಆಚೆ ಹೋಗ್ತದೆ. ಪಕ್ಕದಲ್ಲಿ ಇನ್ನೊಬ್ರು ಸ್ಟಾಪ್‌ವಾಚ್ ಹಿಡ್ಕೊಂಡು ಟೈಮ್ ನೋಡಿ, ಗೆರೆ ಮುಟ್ಟಿದ್ದೆಲ್ಲ ತಪ್ಪು ಅಂತ ಎಣಿಸ್ತಾರೆ. ಮೊದ್ಲು ಎಡಗೈಲಿ ಒಂದ್ಸಲ ಎಳೆಸಿ, ಆಮೇಲೆ ಬಲಗೈಲಿ ಚೆನ್ನಾಗಿ ಪ್ರಾಕ್ಟೀಸ್ ಮಾಡ್ಸಿ, ಮತ್ತೆ ಎಡಗೈಲಿ ಎಳೆಸಿದ್ರೆ ಟೈಮೂ ತಪ್ಪೂ ಸಾಮಾನ್ಯವಾಗಿ ಕಡಿಮೆ ಆಗಿರ್ತದೆ. ಒಂದು ಕೈ ಕಲಿತದ್ದು ಇನ್ನೊಂದಕ್ಕೆ ಹೇಗೆ ಬಂತು? ಅದನ್ನ ಅಂಕಿ ಹಾಕಿ ರೆಕಾರ್ಡಲ್ಲಿ ಬರೀಬೇಕು, ಬರೀ ನಂಗೆ ಹಂಗನ್ಸ್ತು ಅಂದ್ರೆ ನಡಿಯೋದಿಲ್ಲ. ಮುಖ ನೋಡಿ ಮನಸ್ಸು ಓದೋದು ಕಲಿಸ್ತಾರೆ ಅಂತ ಬಂದವರಿಗೆ ಮೊದಲ ತಿಂಗಳೇ ಬೇಜಾರು ಬರ್ತದೆ, ನಿಮ್ಮ ಮಗಳ ತರ ಯಾಕೆ ಅಂತ ಕೇಳೋರಿಗೆ ಇದು ಹೇಳಿ ಮಾಡಿಸಿದ್ದು.

ಪಾಠ ಹೇಳುವವಳು, ಅಂಕೋಲಾ:
ಅಜ್ಜನ ವಿಷಯಕ್ಕೆ ಬರ್ತೇನೆ, ಮಗಳಿಗೆ ಇದನ್ನ ಓದಿ ಹೇಳಿ. ಹೊಸ ನೆನಪು ಗಟ್ಟಿಯಾಗಿ ಕೂರೋದಕ್ಕೆ ಮೆದುಳಿನ ಒಳಗೆ ಹಿಪೊಕ್ಯಾಂಪಸ್ ಅನ್ನೋ ಭಾಗ ಬೇಕು, ಆಲ್ಝೈಮರ್ ಸಾಮಾನ್ಯವಾಗಿ ಶುರುವಿನಲ್ಲೇ ಅದಕ್ಕೂ ಅದರ ಅಕ್ಕಪಕ್ಕಕ್ಕೂ ಕೈ ಹಾಕ್ತದೆ. ಹಾಗಾಗಿ ಈಗ ತಿಂದ ತೆಳ್ಳೇವು ಒಳಗೆ ದಾಖಲಾಗೋದೇ ಇಲ್ಲ, ಅವರು ಸುಳ್ಳು ಹೇಳ್ತಾ ಇಲ್ಲ. ತೇರಿನ ನೆನಪು ಎಷ್ಟೋ ವರ್ಷದ ಹಿಂದೆ ಮೆದುಳಿನ ಬೇರೆ ಬೇರೆ ಕಡೆ ಹರಡಿ ಗಟ್ಟಿಯಾಗಿದೆ, ಅದು ಹೋಗೋದು ತಡ. "ಈಗಷ್ಟೇ ಕೊಟ್ಟೆ ಅಲ್ದಾ" ಅಂತ ವಾದ ಮಾಡೋದಕ್ಕಿಂತ ಇನ್ನೊಂದು ಲೋಟ ಕಷಾಯ ಕೊಟ್ಟು ಕೂರಿಸಿ.

ನೆನಪನ್ನ ಅಳೀಬಹುದು ಅಂತ ತೋರಿಸಿದ್ದು ಜರ್ಮನಿಯ ಎಬ್ಬಿಂಗ್‌ಹೌಸ್, ಅರ್ಥ ಇಲ್ಲದ ಅಕ್ಷರಗಳ ಪಟ್ಟಿ ಮಾಡಿ ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೀತದೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಮಾಡಿದ. ಕಲಿತ ಮೊದಲ ಕೆಲವು ಗಂಟೇಲೇ ಜಾಸ್ತಿ ಮರೆತು ಹೋಗೋದು, ಆಮೇಲೆ ನಿಧಾನ. ಪರೀಕ್ಷೆ ಹಿಂದಿನ ರಾತ್ರಿ ಒಂದೇ ಸಲ ಓದೋದಕ್ಕಿಂತ ದಿನ ಬಿಟ್ಟು ದಿನ ಓದೋದು ಯಾಕೆ ಒಳ್ಳೇದು ಅಂತ ನಾನು ಮಕ್ಕಳಿಗೆ ಇದನ್ನೇ ಇಟ್ಕೊಂಡು ಹೇಳೋದು. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಸೈಕಾಲಜಿ ವಿಭಾಗ ಶುರು ಮಾಡಿದ್ರು. 1935ರಲ್ಲಿ ಮನೆಯಲ್ಲೇ 'ಆಕಾಶವಾಣಿ' ಅಂತ ರೇಡಿಯೋ ಕೇಂದ್ರ ನಡೆಸಿದ್ದೂ ಅವರೇ.

ಕಾರವಾರದವ:
ಒಂದು ವಿಷಯ ಯಾರೂ ಹೇಳ್ಲಿಲ್ಲ. ಮಗಳಿಗೆ ಔಷಧಿ ಬರೆಯೋ ಡಾಕ್ಟ್ರೇ ಆಗ್ಬೇಕು ಅಂತಿದ್ರೆ, ಅಂದ್ರೆ ಸೈಕಿಯಾಟ್ರಿಸ್ಟ್, ಅದಕ್ಕೆ ಎಂಬಿಬಿಎಸ್ ಆಗಿ ಆಮೇಲೆ ಎಂಡಿ, ಹಾಗಾದ್ರೆ ನೀಟ್ ಬರೀಬೇಕು, ಪಿಯುಸಿಯಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಬೇಕೇ ಬೇಕು. ಮಾತಿನಿಂದ, ಟೆಸ್ಟ್ ಮಾಡಿ ಚಿಕಿತ್ಸೆ ಕೊಡೋ ಸೈಕಾಲಜಿಸ್ಟ್ ಆಗೋದಾದ್ರೆ ಆರ್ಟ್ಸಿಂದ ಬಿಎ, ಎಂಎ ಮಾಡಿ ಹೋಗ್ಬಹುದು, ಆದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋದಕ್ಕೆ ಬರೀ ಎಂಎ ಸಾಕಾಗೋದಿಲ್ಲ, ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ಒಪ್ಪಿದ ತರಬೇತಿ ಮಾಡಿ ಅವರ ಹತ್ರ ರಿಜಿಸ್ಟರ್ ಆಗ್ಬೇಕು. ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹೆಸರು ಈಗ್ಲೇ ತಲೇಲಿರ್ಲಿ. ಇನ್ನೊಂದು, ಡಿಗ್ರಿ ಡಿಸ್ಟೆನ್ಸಲ್ಲಿ ಮಾಡಿದ್ರಾಯ್ತು ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, ಸೈಕಾಲಜಿಯನ್ನ ದೂರಶಿಕ್ಷಣ, ಆನ್‌ಲೈನಲ್ಲಿ ಕೊಡೋದನ್ನ ಯುಜಿಸಿ 2025ರಿಂದ ನಿಲ್ಲಿಸಿದೆ.

ಕುಮಟಾದ ಅಮ್ಮ:
ಅಂಕೋಲಾ ಮೇಡಂ, ನೀವು ಬರೆದದ್ದನ್ನ ಓದಿ ಹೇಳಿದೆ, ಅವಳು ಸೀದಾ ಅಜ್ಜನ ಹತ್ರ ಹೋಗಿ ಕೂತ್ಳು, ನಂಗೂ ಗಂಟಲು ಕಟ್ತು. ಔಷಧಿ ಕೊಡೋ ಡಾಕ್ಟ್ರು ಬೇಡವಂತೆ, ಇಂಥವರ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡ್ಬೇಕಂತೆ. ಒಂದೇ ಭಯ, ಇಂಗ್ಲಿಷು.

ಪಾಠ ಹೇಳುವವಳು, ಅಂಕೋಲಾ:
ಪಿಯುಸಿ ಆರ್ಟ್ಸಲ್ಲಿ ಪರೀಕ್ಷೆ ಕನ್ನಡದಲ್ಲೇ ಬರೀಬಹುದು, ಚಿಂತೆ ಬೇಡ. ಆದ್ರೆ ಮುಂದೆ ಎಂಎಗೆ ಹೋದ್ರೆ ಪುಸ್ತಕ ಹೆಚ್ಚಾಗಿ ಇಂಗ್ಲಿಷೇ, ಅದಕ್ಕೆ ಈಗಿಂದ್ಲೇ ಕನ್ನಡ ಶಬ್ದದ ಪಕ್ಕ ಇಂಗ್ಲಿಷ್ ಶಬ್ದ ಬರೆದಿಡ್ತಾ ಹೋಗ್ಲಿ, ಸ್ಟ್ಯಾಟಿಸ್ಟಿಕ್ಸ್ ಬರೋದ್ರಿಂದ ಲೆಕ್ಕಾನೂ ಕೈಬಿಡೋದು ಬೇಡ. ನಮ್ಮ ಬದಿ ಎಲ್ಲಾ ಕಾಲೇಜಲ್ಲೂ ಸೈಕಾಲಜಿ ಇಲ್ಲ ಮಾರಾಯ್ರೆ, ಅರ್ಜಿ ಹಾಕೋ ಮೊದ್ಲು ನೀವೇ ಹೋಗಿ ಎರಡು ವಿಷಯ ಕೇಳಿ, ಖಾಯಂ ಲೆಕ್ಚರರ್ ಇದಾರಾ, ಪ್ರಾಕ್ಟಿಕಲ್ ಸಾಮಾನು ಇದೆಯಾ. ಲ್ಯಾಬ್ ತೋರಿಸಿ ಅನ್ನಿ. ದೂರ ಆದ್ರೆ ಬಸ್ ಪಾಸೋ ಹಾಸ್ಟೆಲ್ಲೋ ಅಂತ ಆಮೇಲೆ ನೋಡೋಣ, ಮಳೆಗಾಲದಲ್ಲಿ ಸಿರ್ಸಿ ದಾರಿಯ ದೇವಿಮನೆ ಘಟ್ಟ ದಿನಾ ಹತ್ತಿಳಿಯೋದಂತೂ ಬೇಡ.