ಬೆನ್ನಿನ ನೀರಿನ ಪ್ರೋಟೀನ್ ಟೆಸ್ಟಿಗೆ ಪದ ಬೇಕು, ಸ್ವಲ್ಪ ಅರ್ಜೆಂಟ್

ಮಡಿಕೇರಿಯಿಂದ: ನಮಸ್ಕಾರ. ಮರೆವಿನ ಕಾಯಿಲೆ ಇರೋರ ಮನೆಯವರಿಗೆ ಒಂದು ಕರಪತ್ರ ಕನ್ನಡ ಮಾಡ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡ್ಬೇಕು. ಸೊಂಟದ ಹತ್ರ ಸೂಜಿ ಹಾಕಿ ನೀರು ತೆಗ್ದು ಅದ್ರಲ್ಲಿ ಅಮೈಲಾಯ್ಡ್, ಟೌ ಅನ್ನೋ ಪ್ರೋಟೀನ್ ಎಷ್ಟುಂಟು ನೋಡಿ ಇದು ಆಲ್‌ಝೈಮರ್ಸೋ ಬೇರೆಯದೋ ಅಂತ ಅಂದಾಜು ಮಾಡ್ತಾರಲ್ಲ, ಆ ಬಯೋಮಾರ್ಕರ್‌ಗೆ ‘ಜೈವಿಕ ಗುರುತು’ ಅಂತ ಹಾಕಿದ್ದೆ, ಡಾಕ್ಟ್ರು ಒಪ್ಲಿಲ್ಲ. ನ್ಯೂರೋಡೀಜನರೇಟಿವ್‌ಗೆ ‘ನರಕ್ಷಯ’ ನಡೀತದಾ?

ವಿರಾಜಪೇಟೆ: ನರಕ್ಷಯ ಬೇಡವೇ ಬೇಡ. ಕ್ಷಯ ಅಂದ್ರೆ ಜನಕ್ಕೆ ಟೀಬಿ. ಮಿದುಳಿನ ಪೊರೆಗೆ ಟೀಬಿ ಬಂದ್ರೂ ಇದೇ ನೀರು ತೆಗ್ದು ನೋಡೋದು, ಗೊಂದಲ ಡಬಲ್. ಹಾಗಂತ ‘ನರದೌರ್ಬಲ್ಯ’ಕ್ಕೂ ಕೈ ಹಾಕ್ಬೇಡಿ, ಅದನ್ನ ಗೋಡೆ ಜಾಹೀರಾತಿನವರು ಯಾವತ್ತೋ ಕೆಡಿಸಿಟ್ಟಿದ್ದಾರೆ. ‘ನರಕೋಶ ನಶಿಸುವ ಕಾಯಿಲೆ’ ಅಂತ ಬಿಡಿಸಿ ಬರೀರಿ.

ಸೋಮವಾರಪೇಟೆ: ಮೊದ್ಲು ಮೆದುಳು ಅಂತ ಬರೀಬೇಡಿ, ಮಿದುಳು. ಮಿದು ಇರೋದ್ರಿಂದ ಮಿದುಳು. ‘ಮಿದುಳುನೀರು’, ‘ಉಸಿರಿಗುರುತು’ ಅಂತ ಹಾಕಿ, ಜೈವಿಕ ಗೀವಿಕ ಯಾಕೆ?

ವಿರಾಜಪೇಟೆ: ಅವ್ರು ಮೆದುಳು ಅಂತ ಬರ್ದೇ ಇಲ್ಲ ಸಾರ್. ಉಸಿರಿಗುರುತು ಅಂದ್ರೆ ದಮ್ಮಿನ ಟೆಸ್ಟ್ ಅನ್ಕೊಳ್ತಾರೆ.

ಕುಶಾಲನಗರ: ಡಾಕ್ಟ್ರು ಹೇಳಿದ್ದು ಸರಿಯುಂಟು. ಗುರುತು ಅಂದ್ರೆ ಇದ್ರೆ ಕಾಯಿಲೆ, ಇಲ್ಲದಿದ್ರೆ ಇಲ್ಲ ಅಂತಾಗ್ತದೆ. ಇಲ್ಲಿ ಹಾಗಲ್ಲ, ಆಲ್‌ಝೈಮರ್ಸಲ್ಲಿ ಬೀಟಾ ಅಮೈಲಾಯ್ಡ್ 42 ಮಿದುಳಲ್ಲೇ ಮುದ್ದೆಗಟ್ಟಿ ಕೂತು ನೀರಲ್ಲಿ ಕಮ್ಮಿ ಆಗ್ತದೆ, ಫಾಸ್ಫೋ ಟೌ, ಅಂದ್ರೆ ಫಾಸ್ಫೇಟ್ ಅಂಟಿದ ಟೌ, ಏರ್ತದೆ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅಂತ ಬೇಗ ಬೇಗ ಹದಗೆಡೋ ಮಿದುಳಿನ ಕಾಯಿಲೇಲಿ ಒಟ್ಟು ಟೌ ವಿಪರೀತ ಏರ್ತದೆ, 14-3-3 ಅನ್ನೋ ಪ್ರೋಟೀನೂ ಸಿಗ್ತದೆ. ನ್ಯೂರೋಫಿಲಮೆಂಟ್ ಲೈಟ್ ಅನ್ನೋ ನರತಂತುವಿನ ಪ್ರೋಟೀನ್ ಅಂತೂ ನರತಂತು ಹಾಳಾದ ಕಡೆಯೆಲ್ಲ ಏರ್ತದೆ, ಅದೊಂದನ್ನೇ ನೋಡಿ ಯಾವ ಕಾಯಿಲೆ ಅಂತ ಹೇಳೋಕಾಗಲ್ಲ. ಏರಿಳಿತ ಸೇರಿಸಿ ಓದ್ಬೇಕು, ಹಂಗಾಗಿ ‘ಸೂಚಕ ಪ್ರೋಟೀನ್’.

ಸೋಮವಾರಪೇಟೆ: ಸೂಚಕ ಸಂಸ್ಕೃತ, ಪ್ರೋಟೀನ್ ಇಂಗ್ಲಿಷು. ಕನ್ನಡ ಎಲ್ಲಿ?

ಕುಶಾಲನಗರ: ‘ಏರಿಳಿತ’ದಲ್ಲಿ. ತೋಟದಲ್ಲಿ ರೈಟ್ರು, ಲೈನ್ ಮನೆ, ಪಲ್ಪರ್ ಅಂತ ದಿನಾ ಹೇಳೋವಾಗ ನಿಮ್ಗೆ ಏನೂ ಆಗಲ್ಲ, ಪಾಪ ರೋಗಿ ಕಾಗದದ ಮೇಲೇ ಕನ್ನಡ ಉದ್ಧಾರ ಆಗ್ಬೇಕಾ?

ಸೋಮವಾರಪೇಟೆ: ಹೀಗೇ ಬಿಟ್ಟು ಬಿಟ್ಟೇ ಕೊಡಗು ಬೋರ್ಡಲ್ಲೆಲ್ಲ ಕೂರ್ಗ್ ಆಗಿದ್ದು.

ವಿರಾಜಪೇಟೆ: ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೆ.

ಮಡಿಕೇರಿಯಿಂದ: ‘ಸೂಚಕ ಪ್ರೋಟೀನ್’ ಹಾಕ್ತೇನೆ. ನೀರಿಗೆ ‘ಬೆನ್ನುಹುರಿ ನೀರು’ ಸಾಕಾ?

ಕುಶಾಲನಗರ: ಹುರಿಗೇ ಸೂಜಿ ಚುಚ್ತಾರೆ ಅಂತ ಹೆದರ್ತಾರಕ್ಕ. ದೊಡ್ಡವರಲ್ಲಿ ಹುರಿ ಸೊಂಟದ ಮೊದಲನೇ, ಎರಡನೇ ಮೂಳೆ ಹತ್ರವೇ ಮುಗೀತದೆ, ಸೂಜಿ ಹಾಕೋದು ಅದಕ್ಕಿಂತ ಕೆಳಗೆ 3-4 ಇಲ್ಲಾ 4-5ನೇ ಮೂಳೆ ಸಂದಲ್ಲಿ. ‘ಬೆನ್ನಿನ ನೀರು’ ಅಂತ ಬರ್ದು ಈ ಮಾತನ್ನೂ ಒಂದು ಸಾಲು ಸೇರ್ಸಿ.