ಸಹಾಯ ಬೇಕು: ಚಾಥಮ್ ಕೌಂಟಿಯಲ್ಲಿ ಮಣ್ಣು ಸಂರಕ್ಷಣೆಗೆ ಸರ್ಕಾರಿ ನೆರವು
ನಾರ್ತ್ ಕ್ಯಾರೊಲೈನಾದ ಚಾಥಮ್ ಕೌಂಟಿಯಲ್ಲಿ ನಾವು ಹೊಸದಾಗಿ ಕೊಂಡಿರುವ ಇಳಿಜಾರು ಜಮೀನಿನಲ್ಲಿ ಜೋರು ಮಳೆ ಬಂದಾಗಲೆಲ್ಲ ಮೇಲ್ಮಣ್ಣು ಕೊಚ್ಚಿಹೋಗಿ, ಕೆಳಗಿನ ಹಳ್ಳ ಕೆಂಪಗೆ ಹರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ (ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ) ಸಂಸ್ಥೆಯು ಇಕ್ವಿಪ್ ಎಂಬ ರೈತ ನೆರವು ಯೋಜನೆಯಡಿ ಹೊದಿಕೆ ಬೆಳೆ (ಮಣ್ಣನ್ನು ಮುಚ್ಚಿ ಕಾಪಾಡಲು ಬೆಳೆಸುವ ಬೆಳೆ), ಹುಲ್ಲು ಬೆಳೆಸಿದ ನೀರುಗಾಲುವೆ ಮುಂತಾದವುಗಳ ವೆಚ್ಚದಲ್ಲಿ ಪಾಲು ಕೊಡುತ್ತದೆ. ಬೇಸಾಯಕ್ಕಿಳಿದು 10 ವರ್ಷ ಮೀರದವರಿಗೆ ಅದು ಶೇ. 90ರವರೆಗೂ ಇರಬಹುದು. ಇದಕ್ಕೆ ಅದೇ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯಿಂದ ಫಾರ್ಮ್ ನಂಬರ್ (ಜಮೀನಿನ ನೋಂದಣಿ ಸಂಖ್ಯೆ) ಪಡೆದಿರಬೇಕು, ಒಪ್ಪಂದಕ್ಕೆ ಸಹಿಯಾಗುವ ಮುನ್ನ ಕೆಲಸ ಆರಂಭಿಸಬಾರದು. ಕೌಂಟಿಯ ಮಣ್ಣು ಮತ್ತು ಜಲ ಸಂರಕ್ಷಣಾ ಮಂಡಳಿಯ ಮೂಲಕ ರಾಜ್ಯದ್ದೇ ಆದ ವೆಚ್ಚ ಹಂಚಿಕೆ ಯೋಜನೆಯೂ ಇದೆ. ಸಣ್ಣ ಹಿಡುವಳಿಗೆ ಇವೆರಡರಲ್ಲಿ ಯಾವುದು ಸೂಕ್ತ, ಜಮೀನು ಪರಿಶೀಲನೆಗೆ ಅಧಿಕಾರಿಗಳು ಬಂದಾಗ ಯಾವ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು ಎಂಬುದನ್ನು ಅನುಭವವಿರುವ ಕನ್ನಡಿಗರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.