ದೊಡ್ಡಹಬ್ಬಕ್ಕೆ ಊರಿಗೆ ಹೊರಟರೆ ಮಗಳಿಗೆ ಹೊಟ್ಟೆನೋವು

ಬೆಂಗಳೂರಿನ ತಾಯಿಯ ಪ್ರಶ್ನೆ: ಮಗಳಿಗೆ ಏಳು ವರ್ಷ. ದೀಪಾವಳಿಗೆ ಸಾಗರದ ಹತ್ತಿರವಿರುವ ನನ್ನ ಅತ್ತೆಯ ಮನೆಗೆ ಹೋಗುತ್ತೇವೆ. ಮನೆ ತುಂಬ ನೆಂಟರು. ಹೋದ ವರ್ಷ ಹಬ್ಬದ ಅಷ್ಟೂ ದಿನ ಅವಳಿಗೆ ಹೊಟ್ಟೆನೋವು, ರಾತ್ರಿ ಅಳು. ವೈದ್ಯರು ನೋಡಿ ಏನೂ ತೊಂದರೆಯಿಲ್ಲ ಎಂದರು. ಬೆಂಗಳೂರಿಗೆ ಮರಳಿದ ಮರುದಿನ ನೋವು ಮಾಯ. ಈಗ ಮತ್ತೆ "ಊರಿಗೆ ಹೋಗಲೇಬೇಕೇ?" ಎಂದು ದಿನವೂ ಕೇಳುತ್ತಾಳೆ. ಗದರಿಸಿ ಕರೆದೊಯ್ಯಲು ಮನಸ್ಸಿಲ್ಲ. ಹೋಗದೆ ಇರುವಂತೆಯೂ ಇಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ತೀರ್ಥಹಳ್ಳಿಯ ಗೃಹಿಣಿ: ನನ್ನ ಮಗನೂ ಹೀಗೆಯೇ ಇದ್ದ. ಹೊಟ್ಟೆನೋವು ನಾಟಕವಲ್ಲ ಎಂದು ಮೊದಲು ಮನೆಯವರಿಗೆ ಹೇಳಿ. ಜನರ ನಡುವೆ ಕೆಲಸವಿಲ್ಲದೆ ನಿಲ್ಲುವುದೇ ಅವನಿಗೆ ಕಷ್ಟವಾಗುತ್ತಿತ್ತು. ಸುಮ್ಮನೆ ನಿಂತ ಮಗುವನ್ನು ಕಂಡರೆ ಬಂದವರೆಲ್ಲ ಹಾಡು ಹೇಳು, ಮಗ್ಗಿ ಹೇಳು ಎನ್ನುತ್ತಾರೆ. ಆಮೇಲಿನ ವರ್ಷ ಗೋಪೂಜೆಯ ಸರದ ಕೆಲಸವನ್ನು ಅವನಿಗೆ ವಹಿಸಿದೆವು. ಅಡಿಕೆ, ಚೆಂಡುಹೂವು ಪೋಣಿಸುತ್ತ ಜಗಲಿಯ ಮೂಲೆಯಲ್ಲಿ ಕುಳಿತ. ಯಾರಾದರೂ ಮಾತನಾಡಿಸಿದರೆ ಹೇಳಲು ಅವನಿಗೂ ಒಂದು ವಿಷಯ ಸಿಕ್ಕಿತು. ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿಯವರೆಗೆ ಯಾವ ದಿನ ಏನು, ರಾತ್ರಿ ಯಾರ ಪಕ್ಕ ಮಲಗುವುದು ಎಂಬುದನ್ನೆಲ್ಲ ಹೊರಡುವ ಮೊದಲೇ ಹೇಳಿಟ್ಟಿದ್ದೆ. ಸಾಕಾದರೆ ನನ್ನ ಸೆರಗನ್ನು ಎರಡು ಸಲ ಎಳೆಯಬೇಕು ಎಂಬ ಒಪ್ಪಂದವೂ ಇತ್ತು. ಎಳೆದ ಕೂಡಲೇ ಕೊಟ್ಟಿಗೆಯಲ್ಲಿ ಏನೋ ಕೆಲಸವಿದೆ ಎಂದು ಅವನನ್ನು ಕರೆದುಕೊಂಡು ಏಳುತ್ತಿದ್ದೆ. ಒಮ್ಮೆ ನಾನು ಬಡಿಸುತ್ತಿದ್ದಾಗಲೇ ಎಳೆದ; ಹೋಳಿಗೆಯ ಹರಿವಾಣವನ್ನು ನಾದಿನಿಯ ಕೈಗಿಟ್ಟು ಹೊರಟೆ. ನಾವು ಒಂದು ಸಲ ಮಾತು ತಪ್ಪಿದರೆ ಮಗು ಮತ್ತೆ ಸೆರಗು ಹಿಡಿಯುವುದಿಲ್ಲ, ಹೊಟ್ಟೆಯನ್ನೇ ಹಿಡಿದುಕೊಳ್ಳುತ್ತದೆ.

ಮೈಸೂರಿನ ತಂದೆ: ನಮ್ಮಲ್ಲಿ ಪಟಾಕಿಯದೇ ತೊಂದರೆ. ಯಾವಾಗ ಸಿಡಿಯುತ್ತದೋ ಎಂದು ಕಾಯುವುದರಲ್ಲೇ ಮಗಳ ಜೀವ ಹಿಂಡಿಹೋಗುತ್ತಿತ್ತು. ದೀಪಾವಳಿಯ ಪಟಾಕಿಗೆ ಸುಪ್ರೀಂ ಕೋರ್ಟ್ 2018ರಲ್ಲಿ ರಾತ್ರಿ 8ರಿಂದ 10ರ ಸಮಯವನ್ನು ಗೊತ್ತುಮಾಡಿತು. ನಮ್ಮ ಬೀದಿಯಲ್ಲಿ ಗಡಿಯಾರ ನೋಡುವವರು ಕಡಿಮೆ, ಆದರೂ ಹೆಚ್ಚಿನ ಗದ್ದಲ ಆ ಹೊತ್ತಿನಲ್ಲೇ. ಆಗ ಒಳಕೋಣೆಯ ಕಿಟಕಿ ಮುಚ್ಚಿ ಚೌಕಾಬಾರ ಆಡುತ್ತೇವೆ. ಹೆದರಿಕೆ ಬಿಡಿಸುತ್ತೇನೆಂದು ಒಮ್ಮೆ ಅವಳ ಕೈಗೆ ಸುರುಸುರುಬತ್ತಿ ಕೊಟ್ಟಿದ್ದೆ. ಮುಂದಿನ ವರ್ಷ ಹಣತೆ ಹಚ್ಚಲೂ ಹೊರಗೆ ಬರಲಿಲ್ಲ.

ದಾವಣಗೆರೆಯಿಂದ ಇನ್ನೊಬ್ಬ ತಂದೆ: ನಾವು ಗಂಡ ಹೆಂಡತಿ ಬೇರೆಯಾಗಿದ್ದೇವೆ. ಈ ಸಲ ಎಣ್ಣೆಸ್ನಾನ ಯಾರ ಮನೆಯಲ್ಲಿ ಎಂಬ ಲೆಕ್ಕದಲ್ಲೇ ಮಗ ಬಾಡುತ್ತಿದ್ದ. ಈಗ ನಾವಿಬ್ಬರೇ ಮಾತನಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ, ಆಯ್ಕೆಯನ್ನು ಅವನ ತಲೆಗೆ ಕಟ್ಟುವುದಿಲ್ಲ. ಮರಳಿದಾಗ ಅಲ್ಲಿ ಏನೇನಾಯಿತು ಎಂದು ಕೆದಕುವುದೂ ಇಲ್ಲ.

ಶಿರಸಿಯ ಅಜ್ಜಿ: ಎಲ್ಲರೂ ಸೇರಿ ನೆಂಟರನ್ನು ರಾಕ್ಷಸರನ್ನಾಗಿ ಮಾಡುತ್ತಿದ್ದೀರಿ. ವರ್ಷಕ್ಕೊಮ್ಮೆ ಬರುವ ಮೊಮ್ಮಗುವಿನ ಹತ್ತಿರ ಏನು ಮಾತನಾಡಬೇಕೆಂದು ನಮಗೂ ತೋಚುವುದಿಲ್ಲ, ಅದಕ್ಕೇ ಅಂಕ ಕೇಳುತ್ತೇವೆ. ನನ್ನ ಸೊಸೆ ಫೋನಿನಲ್ಲಿ, "ಅತ್ತೆ, ಅಂಕ ಬೇಡ, ಅವಳು ಸಾಕಿರುವ ಮೀನಿನ ಸುದ್ದಿ ಕೇಳಿ" ಎಂದಳು. ಕೇಳಿದೆ. ಒಂದು ಗಂಟೆ ನನ್ನನ್ನು ಬಿಡಲಿಲ್ಲ. ನೀನೂ ನಿನ್ನ ಅತ್ತೆಗೆ ಮೊದಲೇ ಹೇಳು ತಂಗಿ.

ಕೋಲಾರದ ಶಿಕ್ಷಕಿ: ಊರಿನಿಂದ ಬಂದು ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಹಬ್ಬದ ಮೇಲೆ ಭಾರ ಹಾಕಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ ಕೇಳಿದವರು: ಅತ್ತೆಗೆ ಫೋನ್ ಮಾಡಿದೆ. ತಮ್ಮ ಕೈಯಡುಗೆ ಮೊಮ್ಮಗಳಿಗೆ ಸೇರಲಿಲ್ಲವೇನೋ ಎಂದು ಅವರು ವರ್ಷವಿಡೀ ಕೊರಗಿದ್ದರಂತೆ! ಬಚ್ಚಲಿನ ಹಂಡೆಗೆ ಶೇಡಿಮಣ್ಣಿನ ಬಿಳಿ ಗೆರೆ ಎಳೆದು ಬಳ್ಳಿ ಸುತ್ತುವ ಕೆಲಸ ಈ ಸಲ ಅವಳದೇ ಎಂದರು. ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಡೆ ಎಷ್ಟು ದೊಡ್ಡದು?" ಎಂದಳು.